ಎತ್ತುವುದು ಬೇರೆ, ನಿಲ್ಲಿಸುವುದು ಬೇರೆ: ಮನೆಯಲ್ಲಿ ಮೋಟಾರ್ ಸೈಕಲ್ ಲಿಫ್ಟಿನ ಆಯ್ಕೆ ಮತ್ತು ಬಳಕೆ

ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳಿಗೆ ಪ್ರವಾಸ ಹೋದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದುಂಟು: ಇಷ್ಟು ಭಾರವಾದ ತೊಲೆಗಲ್ಲುಗಳನ್ನು ಆ ಕಾಲದವರು ಹೇಗೆ ಮೇಲೆತ್ತಿದರು? ಪ್ರಶ್ನೆ ಸಹಜವಾದುದು. ಆದರೆ ಅದರೊಡನೆ ಕೇಳಬೇಕಾದ ಇನ್ನೊಂದು ಪ್ರಶ್ನೆಯೂ ಉಂಟು: ಎತ್ತಿದ ಕಲ್ಲು ಇಂದಿನವರೆಗೆ ಬೀಳದೆ ನಿಂತಿರುವುದು ಹೇಗೆ? ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ತೊಲೆಗಳನ್ನೆತ್ತಿದ ಕೈಗಳು ಎಂದೋ ಮಣ್ಣಾದವು. ಇಂದಿಗೂ ಆ ತೊಲೆಗಳನ್ನು ಹೊತ್ತಿರುವುದು ಅವುಗಳ ಕೆಳಗಿನ ಕಂಬಗಳು. ಎತ್ತುವ ಕೆಲಸ ಒಂದು. ಎತ್ತಿದುದನ್ನು ನಿಲ್ಲಿಸುವ ಕೆಲಸ ಇನ್ನೊಂದು.

ಇಳಕಲ್ಲಿನ ಕುಣಿಮಗ್ಗದ ಮುಂದೆ ಕುಳಿತ ನೇಕಾರನು ಕಾಲಿನಡಿಯ ಹಲಗೆಯನ್ನು ತುಳಿದೊಡನೆ ಹಾಸಿನ ಎಳೆಗಳು ಮೇಲೇಳುತ್ತವೆ. ಕಾಲು ಸಡಿಲಿಸಿದೊಡನೆ ಕೆಳಗಿಳಿಯುತ್ತವೆ. ಅಲ್ಲಿ ಎತ್ತುವುದುಂಟು, ನಿಲ್ಲಿಸುವುದಿಲ್ಲ. ನೇಯ್ಗೆಗೆ ಅದೇ ಬೇಕು. ಅದೇ ಊರಿನ ಕೆಂಪು ಗ್ರಾನೈಟಿನ ದಿಮ್ಮಿಯನ್ನು ಹಾರೆಯಿಂದ ಮೀಟುವಾಗಲಾದರೋ, ಅದು ಒಂದು ಬೆರಳಿನಷ್ಟು ಮೇಲೆದ್ದ ಕೂಡಲೇ ಅದರ ಕೆಳಗೆ ಗಟ್ಟಿಯಾದ ಕಲ್ಲೊಂದನ್ನು ಸರಿಸಿ ಇಡಬೇಕಾಗುತ್ತದೆ. ಕೈ ಸೋತರೂ ದಿಮ್ಮಿ ಬೀಳಬಾರದು ಎಂಬುದೇ ಅದರ ಉದ್ದೇಶ. ಮೋಟಾರ್ ಸೈಕಲ್ಲನ್ನು ಮೇಲೆತ್ತುವ ಯಂತ್ರದ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ತತ್ತ್ವವೂ ಇದೇ ಆಗಿದೆ.

ಮನೆಯಲ್ಲಿ ಇದರ ಅವಶ್ಯಕತೆ

ಹಿಂದೆ ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಒಕ್ಕಲುತನದ ಮನೆಯ ಕೆಲಸವಾಗಿತ್ತು. ಇಂದು ಹುನಗುಂದದ ಎರೆ ಹೊಲಗಳಿಗೂ ಬಾಗಲಕೋಟೆಯ ನವನಗರದ ಕಚೇರಿಗಳಿಗೂ ಜನರನ್ನು ಒಯ್ಯುವುದು ಮೋಟಾರ್ ಸೈಕಲ್ಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಾದರೂ, ಅಲ್ಲಿ ತಯಾರಾದ ಜಾವಾ, ಯೆಜ್ಡಿ ವಾಹನಗಳನ್ನು ತಮ್ಮ ಕೈಯಿಂದಲೇ ರಿಪೇರಿ ಮಾಡಿ ಓಡಿಸುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಚೈನು ತೊಳೆಯುವುದು, ಗಾಲಿ ಬಿಚ್ಚುವುದು, ಬ್ರೇಕು ಸರಿಪಡಿಸುವುದು ಮುಂತಾದ ಕೆಲಸಗಳನ್ನು ಮನೆಯಲ್ಲಿಯೇ ಮಾಡುವವರು ವಾಹನವನ್ನು ನೆಲದಿಂದ ಮೇಲೆತ್ತಲೇಬೇಕು. ಹೀರೋ ಸ್ಪ್ಲೆಂಡರಿನಂತಹ ಹಗುರ ವಾಹನದ ತೂಕ ಸುಮಾರು 110 ಕಿಲೋಗ್ರಾಂ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ ಸುಮಾರು 195 ಕಿಲೋಗ್ರಾಂ. ಇಷ್ಟು ಭಾರ ಕೈಬೆರಳ ಮೇಲೆ ಅಥವಾ ಬಳಿಯಲ್ಲಿ ಆಡುವ ಮಗುವಿನ ಮೇಲೆ ಬಿದ್ದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಎಣ್ಣೆಯ ಬಲ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಭಾಗವನ್ನು ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬುದು ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪಾಸ್ಕಲನು ತಿಳಿಸಿದ ನಿಯಮ. ಇದನ್ನು ಆಧರಿಸಿದ ಒತ್ತುಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದನು. ಇಂದಿನ ಎಣ್ಣೆ ಜಾಕುಗಳೆಲ್ಲ ಆ ಯಂತ್ರದ ಸಂತತಿಯೇ.

ಒಂದು ಲೆಕ್ಕವನ್ನು ನೋಡಬಹುದು. ಜಾಕಿನ ಚಿಕ್ಕ ಕೊಂತದ ವ್ಯಾಸ 1 ಸೆಂಟಿಮೀಟರ್, ದೊಡ್ಡ ಕೊಂತದ ವ್ಯಾಸ 4 ಸೆಂಟಿಮೀಟರ್ ಎಂದಿರಲಿ. ಆಗ ದೊಡ್ಡದರ ವಿಸ್ತೀರ್ಣ ಚಿಕ್ಕದರ 16 ಪಟ್ಟಾಗುತ್ತದೆ. ಹಿಡಿಕೆಯ ಸನ್ನೆಯಿಂದ ಬಲ ಇನ್ನೂ 10 ಪಟ್ಟು ಹೆಚ್ಚಿದರೆ ಒಟ್ಟು ಲಾಭ 160 ಪಟ್ಟು. ತಿಕ್ಕಾಟವನ್ನು ಬಿಟ್ಟು ನೋಡಿದರೆ, 320 ಕಿಲೋಗ್ರಾಂ ಭಾರವನ್ನೆತ್ತಲು ಹಿಡಿಕೆಯ ಮೇಲೆ 2 ಕಿಲೋಗ್ರಾಮಿನಷ್ಟು ಒತ್ತಿದರೆ ಸಾಕು. ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ: ಭಾರವು 1 ಸೆಂಟಿಮೀಟರ್ ಏರಬೇಕಾದರೆ ಹಿಡಿಕೆಯು ಒಟ್ಟು 160 ಸೆಂಟಿಮೀಟರ್ ಚಲಿಸಬೇಕು.

ಈ ಸುಲಭತೆಯಲ್ಲಿಯೇ ಅಪಾಯವೂ ಅಡಗಿದೆ. ಒಂದು ಚಿಕ್ಕ, ಒಂದು ದೊಡ್ಡ ಸಿರಿಂಜಿಗೆ ನೀರು ತುಂಬಿ, ರಬ್ಬರು ನಳಿಕೆಯಿಂದ ಜೋಡಿಸಿ, ದೊಡ್ಡದರ ಮೇಲೆ ಪುಸ್ತಕವೊಂದನ್ನಿಟ್ಟು ಚಿಕ್ಕದನ್ನು ಒತ್ತಿದರೆ ಪುಸ್ತಕ ಮೇಲೇಳುತ್ತದೆ. ಹೆಬ್ಬೆರಳು ತೆಗೆದರೆ ಅದು ಇಳಿಯತೊಡಗುತ್ತದೆ. ನಳಿಕೆಯನ್ನು ಚಿವುಟಿ ಹಿಡಿದರೆ ನಿಲ್ಲುತ್ತದೆ. ನಳಿಕೆಗೆ ಸೂಜಿಯಿಂದ ಚುಚ್ಚಿದರೆ ಮತ್ತೆ ಇಳಿಯುತ್ತದೆ. ಜಾಕಿನ ಕವಾಟವು ಆ ಚಿವುಟಿದ ಬೆರಳು; ಸವೆದ ರಬ್ಬರು ಬಿಲ್ಲೆಯು ಆ ಸೂಜಿಯ ತೂತು. ಆದುದರಿಂದ ಎಣ್ಣೆಯನ್ನು ಎತ್ತಲು ನಂಬಬಹುದು, ನಿಲ್ಲಿಸಲು ನಂಬಬಾರದು. ನಿಲ್ಲಿಸುವ ಕೆಲಸ ಉಕ್ಕಿನ ಅಗುಳಿಯದು.

ಯಾವುದನ್ನು ಆರಿಸಬೇಕು?

ಮೊದಲು ಕೆಲಸವನ್ನು ನೋಡಿ, ಆಮೇಲೆ ಸಲಕರಣೆಯನ್ನು ನೋಡತಕ್ಕದ್ದು. ಚೈನು ತೊಳೆಯಲು, ಹಿಂದಿನ ಗಾಲಿ ಬಿಚ್ಚಲು ವಾಹನದೊಡನೆ ಬಂದ ಡಬಲ್ ಸ್ಟ್ಯಾಂಡೇ ಸಾಕು. ಅದಕ್ಕೆ ಹಣವೂ ಬೇಡ, ಸ್ಥಳವೂ ಬೇಡ. ಡಬಲ್ ಸ್ಟ್ಯಾಂಡ್ ಇಲ್ಲದ ವಾಹನಗಳಿಗೆ ಹಿಂದಿನ ಗಾಲಿಯ ತೋಳನ್ನು ಹಿಡಿದು ಮೀಟುವ ಪ್ಯಾಡಾಕ್ ಸ್ಟ್ಯಾಂಡ್ ಒದಗುತ್ತದೆ. ವಾಹನವನ್ನು ನೆಟ್ಟಗೆ ಹಿಡಿಯಲು ಇನ್ನೊಬ್ಬರಿದ್ದಾಗಲೇ ಇದನ್ನು ಬಳಸುವುದು ಲೇಸು.

ಮೂರನೆಯದು ಕತ್ತರಿ ಜಾಕು. ತಿರುಪಿನಿಂದ ಏರುವ ಜಾಕಿನಲ್ಲಿ ಎಣ್ಣೆಯಿಲ್ಲದ ಕಾರಣ ಸೋರುವ ಭಯವಿಲ್ಲ. ಆದರೆ ಅದರ ತಲೆಹಲಗೆ ಕಿರಿದು. ಅದನ್ನು ಎಂಜಿನಿನ ಎಣ್ಣೆಪಾತ್ರೆಗಾಗಲಿ ಸೈಲೆನ್ಸರಿಗಾಗಲಿ ಆನಿಸದೆ, ಚೌಕಟ್ಟಿನ ಗಟ್ಟಿ ಭಾಗಕ್ಕೆ ಆನಿಸಬೇಕು. ಕೆಲವು ವಾಹನಗಳಲ್ಲಿ ಎಂಜಿನಿನ ಕೆಳಗೆ ಚೌಕಟ್ಟಿನ ಕೊಳವೆ ಹಾದುಹೋಗುವುದೇ ಇಲ್ಲ. ಅಂಥವಕ್ಕೆ ಈ ಜಾಕು ತಕ್ಕುದಲ್ಲ.

ಕತ್ತರಿ ಜಾಕಿನಲ್ಲಿ ಗುರುತ್ವ ಕೇಂದ್ರದ ಪಾಠವೂ ಇದೆ. 150 ಕಿಲೋಗ್ರಾಂ ವಾಹನವನ್ನು ಜಾಕಿನ ನಡುವೆ ಸರಿಯಾಗಿ ತೂಗಿಸಿ ಎತ್ತಲಾಗಿದೆ ಎನ್ನೋಣ. ಜಾಕಿನಿಂದ 60 ಸೆಂಟಿಮೀಟರ್ ಮುಂದಿರುವ, 15 ಕಿಲೋಗ್ರಾಂ ತೂಕದ ಗಾಲಿ ಮೊದಲಾದ ಭಾಗಗಳನ್ನು ಬಿಚ್ಚಿದರೆ ಉಳಿದ 135 ಕಿಲೋಗ್ರಾಮಿನ ಗುರುತ್ವ ಕೇಂದ್ರವು ಸುಮಾರು 6.7 ಸೆಂಟಿಮೀಟರ್ ಹಿಂದಕ್ಕೆ ಸರಿಯುತ್ತದೆ. ತಲೆಹಲಗೆಯ ಉದ್ದ 20 ಸೆಂಟಿಮೀಟರ್ ಇದ್ದರೆ ನಡುವಿನಿಂದ ಅಂಚಿಗೆ ಇರುವ ದೂರ 10 ಸೆಂಟಿಮೀಟರ್ ಮಾತ್ರ. ಎತ್ತುವಾಗ ಅಲುಗದ ವಾಹನ ಗಾಲಿ ಬಿಚ್ಚಿದ ಮೇಲೆ ಹಿಂದಕ್ಕೆ ವಾಲುವ ಕಾರಣ ಇದೇ. ಬಿಚ್ಚುವ ಮೊದಲೇ ಹಿಂಬದಿಗೆ ಊರೆ ಕೊಡಬೇಕು.

ನಾಲ್ಕನೆಯದು, ಇಡೀ ವಾಹನವನ್ನು ಸೊಂಟದ ಎತ್ತರಕ್ಕೆ ಒಯ್ಯುವ ಮೇಜಿನಂತಹ ಲಿಫ್ಟು. ಗ್ಯಾರೇಜಿನವರು ಇದನ್ನು ರ‍್ಯಾಂಪ್ ಎನ್ನುತ್ತಾರೆ. ಕೊಳ್ಳುವಾಗ ನಾಲ್ಕು ಅಂಶಗಳನ್ನು ಪರೀಕ್ಷಿಸಬೇಕು: ಅದರ ಮೇಲೆ ಬರೆದ ಸಾಮರ್ಥ್ಯವು ವಾಹನದ ತೂಕದ ಎರಡು ಪಟ್ಟಿನಷ್ಟಾದರೂ ಇರಬೇಕು, ಎತ್ತರಗಳಲ್ಲಿ ನಿಲ್ಲಿಸುವ ಉಕ್ಕಿನ ಅಗುಳಿ ಇರಬೇಕು, ಮುಂದಿನ ಗಾಲಿಯನ್ನು ಕಚ್ಚಿ ಹಿಡಿಯುವ ಹಿಡಿಕೆ ಇರಬೇಕು, ಪಟ್ಟಿ ಕಟ್ಟಲು ಎರಡೂ ಬದಿಗೆ ಕೊಂಡಿಗಳಿರಬೇಕು. ಅಗುಳಿಯಿಲ್ಲದ ಲಿಫ್ಟು ಎಷ್ಟು ಅಗ್ಗವಾಗಿದ್ದರೂ ತುಟ್ಟಿಯೇ. ವರುಷಕ್ಕೆ ಎರಡು ಸಲ ಬಳಸುವುದಕ್ಕಾಗಿ ಪ್ರತಿ ಮನೆಯವರೂ ಇದನ್ನು ಕೊಳ್ಳುವುದು ದುಂದು. ಓಣಿಯ ನಾಲ್ಕು ಮನೆಯವರು ಕೂಡಿ ಒಂದನ್ನು ಕೊಂಡು, ಅದರ ಪರೀಕ್ಷೆಯ ಹೊಣೆಯನ್ನು ಒಬ್ಬರಿಗೆ ಒಪ್ಪಿಸುವುದು ದಾಸೋಹದ ನೆಲದಲ್ಲಿ ಹುಟ್ಟಿದವರಿಗೆ ಹೊಸ ಮಾತೇನಲ್ಲ.

ನೆಲದ ಪರೀಕ್ಷೆ

ಲಿಫ್ಟು ಎಷ್ಟೇ ಗಟ್ಟಿಯಾಗಿದ್ದರೂ ಅದನ್ನು ಹೊರುವುದು ನೆಲ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಅದರ ಮೇಲೆ ಹಾಸಿದ ಪರಸಿಯ ಅಡಿಯಲ್ಲಿ ಟೊಳ್ಳಾಗುವ ಸಂಭವ ಹೆಚ್ಚು. ಕೋಲಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದಲ್ಲಿ ಲಿಫ್ಟನ್ನು ಇಡಕೂಡದು. ಸಾರಿಸಿದ ಮಣ್ಣಿನ ನೆಲದಲ್ಲಿ ಅದರ ಕಾಲುಗಳು ಹುಗಿದುಕೊಳ್ಳುತ್ತವೆ. ನುಣುಪು ಮಾಡಿದ ಗ್ರಾನೈಟಿನ ಮೇಲೆ ಎಣ್ಣೆ ಬಿದ್ದರೆ ಲಿಫ್ಟೂ ಜಾರುತ್ತದೆ, ಮನುಷ್ಯನೂ ಜಾರುತ್ತಾನೆ. ಸಮತಟ್ಟಾದ, ಒಣಗಿದ, ಒರಟು ಕಾಂಕ್ರೀಟಿನ ನೆಲವೇ ಶ್ರೇಷ್ಠ.

ಏರಿಸುವ ಕ್ರಮ

1. ಬೆಸುಗೆ ಬಿರಿದಿದೆಯೇ, ಎಣ್ಣೆ ಜಿನುಗುತ್ತಿದೆಯೇ, ಅಗುಳಿ ಬಾಗಿದೆಯೇ ಎಂದು ಪ್ರತಿ ಸಲವೂ ನೋಡಬೇಕು.

2. ಬಿಗಿಯಾದ ನಟ್ಟುಗಳನ್ನು ವಾಹನ ನೆಲದ ಮೇಲಿರುವಾಗಲೇ ತುಸು ಸಡಿಲಿಸಬೇಕು. ಮೇಲೆತ್ತಿದ ಅನಂತರ ಉದ್ದನೆಯ ಪಾನಾ ಹಾಕಿ ಜಗ್ಗಿದರೆ ವಾಹನವನ್ನೇ ಪಕ್ಕಕ್ಕೆ ಎಳೆದಂತಾಗುತ್ತದೆ.

3. ಎಂಜಿನನ್ನು ನಿಲ್ಲಿಸಿ, ಸೈಲೆನ್ಸರ್ ಆರಿದ ಮೇಲೆ, ಇಬ್ಬರು ಸೇರಿ ವಾಹನವನ್ನು ಮೇಜಿನ ಮೇಲೆ ತಳ್ಳಬೇಕು. ಹತ್ತಿ ಕುಳಿತು ಓಡಿಸಿ ಏರಿಸಬಾರದು.

4. ಮುಂದಿನ ಗಾಲಿಯನ್ನು ಹಿಡಿಕೆಯಲ್ಲಿ ಬಿಗಿದು, ಎಡಕ್ಕೂ ಬಲಕ್ಕೂ ಸಮನಾಗಿ ಪಟ್ಟಿ ಕಟ್ಟಬೇಕು. ಹಿಗ್ಗುವ ಹಗ್ಗ ಸಲ್ಲದು.

5. ಒಂದು ಗೇಣು ಏರಿಸಿ, ನಿಲ್ಲಿಸಿ, ಅಲುಗಾಡಿಸಿ ನೋಡಬೇಕು. ಅಲುಗಿದರೆ ಇಳಿಸಿ ಮತ್ತೆ ಕಟ್ಟಬೇಕು.

6. ಬೇಕಾದ ಎತ್ತರಕ್ಕೆ ಏರಿದ ಮೇಲೆ ಅಗುಳಿಯನ್ನು ಹಾಕಿ, ಕವಾಟವನ್ನು ಮೆಲ್ಲಗೆ ತೆರೆದು, ಭಾರವು ಎಣ್ಣೆಯಿಂದ ಅಗುಳಿಯ ಮೇಲೆ ಕುಳಿತುಕೊಳ್ಳುವಂತೆ ಮಾಡಬೇಕು. ಅಗುಳಿ ಹಾಕಿಯೂ ಭಾರವನ್ನು ಎಣ್ಣೆಯ ಮೇಲೆಯೇ ಬಿಡುವುದು, ಕಂಬ ನೆಟ್ಟು ತೊಲೆಯನ್ನು ಕೈಯಲ್ಲಿಯೇ ಹಿಡಿದು ನಿಂತಂತೆ.

ಮೇಲೆತ್ತಿದ ವಾಹನದ ಮೇಲೆ ಯಾರೂ ಕೂಡಬಾರದು. ಮೇಜಿನ ಕತ್ತರಿಗಾಲುಗಳ ನಡುವೆ ಕೈ ಹಾಕಬಾರದು. ಮಕ್ಕಳನ್ನು ಬಳಿಗೆ ಬಿಡಬಾರದು. ಪೆಟ್ರೋಲಿನ ಸನಿಹದಲ್ಲಿ ಬೀಡಿ ಸೇದುವುದು, ಕುಡಿದು ಕೆಲಸಕ್ಕೆ ನಿಲ್ಲುವುದು ಮಹಾ ಅಪರಾಧ. ವ್ಯಸನಗಳನ್ನೇ ಭಿಕ್ಷೆಯಾಗಿ ಬೇಡಿದ ಇಳಕಲ್ಲಿನ ಮಹಾಂತ ಸ್ವಾಮಿಗಳ ಜೋಳಿಗೆಯನ್ನು ಕಂಡ ನಾಡಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಇಳಿಸುವ ಕ್ರಮ

ಕೆಲಸ ಮುಗಿಯಿತೆಂಬ ಆತುರ ಇಳಿಸುವ ಹೊತ್ತಿಗೆ ಮೂಡುತ್ತದೆ. ಎಚ್ಚರ ತಪ್ಪುವುದೂ ಆಗಲೇ. ಬಿಚ್ಚಿದ ಭಾಗಗಳೆಲ್ಲ ಕೂಡಿವೆಯೇ, ಮೇಜಿನ ಕೆಳಗೆ ಪಾನಾ ಅಥವಾ ಪಾದ ಉಳಿದಿದೆಯೇ ಎಂದು ನೋಡಬೇಕು. ಮೇಜನ್ನು ತುಸು ಮೇಲೆತ್ತಿ, ಭಾರ ತೊಲಗಿದ ಅಗುಳಿಯನ್ನು ತೆಗೆದು, ಕವಾಟವನ್ನು ಸ್ವಲ್ಪ ಸ್ವಲ್ಪವಾಗಿ ತೆರೆಯಬೇಕು. ಮೇಜು ಪೂರ್ಣ ನೆಲ ಮುಟ್ಟುವವರೆಗೆ ಪಟ್ಟಿಗಳನ್ನು ಬಿಚ್ಚಲಾಗದು.

ಕಾಯಕವೆಂದರೆ ಕೇವಲ ದುಡಿಮೆಯಲ್ಲ. ಮಾಡುವ ಕೆಲಸದಲ್ಲಿ ಮನಸ್ಸಿರಿಸುವುದು, ತನಗೂ ಪರರಿಗೂ ಕೇಡಾಗದಂತೆ ಮಾಡುವುದು ಅದರ ಅಂಗ. ಹಿಡಿಕೆ ಒತ್ತಿ ಭಾರವನ್ನೆತ್ತುವುದನ್ನು ಬಾಲಕನೂ ಮಾಡಬಲ್ಲನು. ಎತ್ತಿದುದರ ಕೆಳಗೆ ಅಗುಳಿಯಿಟ್ಟು, ಅದು ಸರಿಯಾಗಿ ಕುಳಿತಿದೆಯೇ ಎಂದು ಎರಡನೆಯ ಸಲ ನೋಡುವವನೇ ಕೆಲಸ ಬಲ್ಲವನು.