ಶಿಶುಶಿಕ್ಷಕಿಯರ ಸಮ್ಮೇಳನಕ್ಕೆ ಹೊರಡುವ ಮುನ್ನ

ಸಮ್ಮೇಳನವೆಂಬುದು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಜನರಿಗೆ ಹೊಸ ಮಾತಲ್ಲ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಈ ನಗರದಲ್ಲಿ ಜನ್ಮ ತಾಳಿದಾಗ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ನಡೆದ ಮೊದಲ ಸಮ್ಮೇಳನದಿಂದ ಮೊದಲುಗೊಂಡು ಎಷ್ಟೋ ಗೋಷ್ಠಿಗಳನ್ನು ಬೆಂಗಳೂರಿನ ಈ ಹಳೆಯ ಬಡಾವಣೆಗಳು ಕಂಡಿವೆ. ಮಕ್ಕಳಿಗೆಂದೇ ಒಂದು ಕೂಟವಿರಬೇಕೆಂದು ಬಗೆದು ಆರ್. ಕಲ್ಯಾಣಮ್ಮನವರು ಕಟ್ಟಿದ ಮಕ್ಕಳ ಕೂಟವೂ ಚಾಮರಾಜಪೇಟೆಯದೇ. ಆದರೆ ಮೂರರಿಂದ ಆರು ವರ್ಷದ ಕೂಸುಗಳಿಗೆ ಕಲಿಸುವ ಶಿಕ್ಷಕಿಯರಿಗೂ ಒಂದು ಸಮ್ಮೇಳನವಿರಬಹುದು, ಅದಕ್ಕೆ ಅವರು ವಿದ್ವಾಂಸರಂತೆಯೇ ಸಿದ್ಧತೆ ಮಾಡಿಕೊಂಡು ಹೋಗಬೇಕು ಎಂಬ ಭಾವನೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ. “ಮಕ್ಕಳನ್ನು ಆಡಿಸುವವರಿಗೆ ಎಂಥ ಸಮ್ಮೇಳನವಮ್ಮ?” ಎಂದು ನಮ್ಮ ಸಂಸ್ಥೆಯ ಹಿತೈಷಿಗಳಾದ ಹಿರಿಯರೊಬ್ಬರು ನಗುತ್ತ ಕೇಳಿದ್ದುಂಟು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಅದಕ್ಕೂ ಎರಡು ವರ್ಷ ಮುಂಚೆ, ದಾನಿಗಳ ನಿಧಿಯಿಂದ ಹಣ ಪಡೆದು, ನಮ್ಮ ಶಿಶುವಿಹಾರದ ಇಬ್ಬರು ಶಿಕ್ಷಕಿಯರನ್ನು ಇಂಥದೊಂದು ಸಮ್ಮೇಳನಕ್ಕೆ ನಾನೇ ಕಳುಹಿಸಿದ್ದೆನು. ಅವರು ಒಂದು ಚೀಲ, ಒಂದು ಪ್ರಮಾಣಪತ್ರ, ಒಂದು ಕಟ್ಟು ಅಚ್ಚಾದ ಕಾಗದಗಳೊಡನೆ ಮರಳಿದರು. ಆ ಕಟ್ಟು ಕಚೇರಿಯ ಬೀರುವಿನಲ್ಲಿ ಇಂದಿಗೂ ಇದೆ. ಅದರ ದಾರವನ್ನು ಯಾರೂ ಬಿಚ್ಚಿಲ್ಲ.

ಆ ಸಹೋದ್ಯೋಗಿಗಳ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಏನನ್ನು ಕೇಳಬೇಕೆಂದು ತಿಳಿಸದೆ ಕಳುಹಿಸಿದ ಮೇಲೆ ಏನನ್ನು ತಂದಿರೆಂದು ಕೇಳುವ ಹಕ್ಕು ನನಗೆಲ್ಲಿಯದು? ಆದುದರಿಂದ ಕಳೆದ ವರ್ಷ ಮತ್ತೊಮ್ಮೆ ಆಹ್ವಾನ ಬಂದಾಗ, ಕಡಲೆಕಾಯಿ ಪರಿಷೆಯಿಂದ ಸಂಕ್ರಾಂತಿಯವರೆಗೆ ಸುಮಾರು ಆರು ವಾರಗಳ ಕಾಲ ನಾವೆಲ್ಲರೂ ಸೇರಿ ಸಿದ್ಧತೆ ಮಾಡಿದೆವು. ಅದರ ವಿವರವನ್ನು ಈ ಸಂಚಿಕೆಯಲ್ಲಿ ಒಪ್ಪಿಸುವುದು, ಹಣ ಕೊಟ್ಟವರಿಗೆ ನಾವು ಸಲ್ಲಿಸಬೇಕಾದ ಲೆಕ್ಕವೂ ಆಗಿದೆ.

ಮೊದಲನೆಯ ಕೆಲಸ ಪ್ರಶ್ನೆಯನ್ನು ಗೊತ್ತುಮಾಡಿಕೊಳ್ಳುವುದು. ಹತ್ತು ಪ್ರಶ್ನೆಗಳಿದ್ದರೆ ಸಮ್ಮೇಳನದ ಗದ್ದಲದಲ್ಲಿ ಒಂದೂ ಉಳಿಯುವುದಿಲ್ಲ. ನಮ್ಮ ಪ್ರಶ್ನೆಯನ್ನು ನಾವು ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಅದು ಪ್ರತಿದಿನ ಬಾಗಿಲಲ್ಲಿ ನಿಂತಿರುತ್ತಿತ್ತು. ಮಗು ಸೇರಿದ ಎರಡನೆಯ ತಿಂಗಳಿಗೇ ಪೋಷಕರು “ನಮ್ಮ ಮಗು ಅ ಆ ಬರೆಯುತ್ತದೆಯೇ?” ಎಂದು ಕೇಳತೊಡಗುತ್ತಾರೆ. ಪಕ್ಕದ ಬೀದಿಯ ಮಗು ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳನ್ನೂ ಬರೆಯುತ್ತದಂತೆ. ಅದಕ್ಕೆ ಅಂಜಿ ಮೂರೂವರೆ ವರ್ಷದ ಮಕ್ಕಳ ಕೈಗೆ ನಾವು ಬಳಪ ಕೊಟ್ಟು ದಿನಕ್ಕೆ ಅರ್ಧ ಗಂಟೆ ತಿದ್ದಿಸುತ್ತಿದ್ದೆವು. ನಮ್ಮಲ್ಲಿಯೇ ಇಬ್ಬರು ಇದು ಸರಿಯೆಂದೂ ಮೂವರು ತಪ್ಪೆಂದೂ ವಾದಿಸುತ್ತಿದ್ದರು. ಯಾರ ಕೈಯಲ್ಲಿಯೂ ಆಧಾರವಿರಲಿಲ್ಲ. ‘ಬರವಣಿಗೆಯನ್ನು ಯಾವಾಗ ಆರಂಭಿಸಬೇಕು, ಅದಕ್ಕೆ ಮುಂಚೆ ಕೈಗೆ ಏನು ಕೆಲಸ ಕೊಡಬೇಕು’ ಎಂಬುದೇ ನಾವು ಒಯ್ಯಬೇಕಾದ ಪ್ರಶ್ನೆಯೆಂದು ತೀರ್ಮಾನವಾಯಿತು.

ಪ್ರಶ್ನೆಯೊಂದಿಗೆ ಸಾಕ್ಷ್ಯವೂ ಹೋಗಬೇಕಷ್ಟೆ. ಪ್ರತಿಯೊಬ್ಬ ಶಿಕ್ಷಕಿಯೂ ದಿನಕ್ಕೆ ಒಂದು ಮಗುವನ್ನು ಹದಿನೈದು ನಿಮಿಷ ಸುಮ್ಮನೆ ನೋಡಿ, ಕಂಡದ್ದನ್ನು ಮಾತ್ರ ಬರೆಯಬೇಕೆಂದು ನಿಯಮ ಮಾಡಿದೆವು. ಇದು ಕೇಳಲು ಸುಲಭ. ಮಾಡಲು ಬಹಳ ಕಷ್ಟ. ಮೊದಲ ವಾರದ ಪುಸ್ತಕಗಳಲ್ಲಿ ‘ಚುರುಕಿಲ್ಲ’, ‘ಹಟಮಾರಿ’, ‘ಗಮನ ಕಡಮೆ’ ಎಂಬ ತೀರ್ಪುಗಳೇ ತುಂಬಿದ್ದವು. ಮಗು ಏನು ಮಾಡಿತೆಂಬುದು ಎಲ್ಲಿಯೂ ಇರಲಿಲ್ಲ. ‘ಬಳಪವನ್ನು ಮುಷ್ಟಿಯಲ್ಲಿ ಹಿಡಿದನು, ಮೂರು ಗೆರೆ ಎಳೆದನು, ಕೈ ಕೊಡವಿದನು, ಕಿಟಕಿಯತ್ತ ನೋಡಿದನು’ ಎಂದು ಬರೆಯಲು ಎರಡು ವಾರಗಳ ಅಭ್ಯಾಸ ಬೇಕಾಯಿತು. ತೀರ್ಪನ್ನು ಬಿಟ್ಟು ನೋಟವನ್ನು ಬರೆಯುವ ಈ ಶಿಸ್ತು ನಮ್ಮ ತರಬೇತಿಗಳಲ್ಲಿ ಏಕೆ ಗಟ್ಟಿಯಾಗಿ ಬರುವುದಿಲ್ಲವೋ ನನಗೆ ತಿಳಿಯದು.

ಈ ನಡುವೆ ಕಾರ್ತಿಕದ ಕಡೆಯ ಸೋಮವಾರ ಬಂದು, ದೊಡ್ಡ ಬಸವಣ್ಣನ ಗುಡಿಯ ಪರಿಷೆಯಿಂದ ಒಂದು ಚೀಲ ಕಡಲೆಕಾಯಿ ನಮ್ಮ ತರಗತಿಗೂ ಬಂದಿತು. ಒಂಟಿಕಾಳಿನವು, ಜೋಡಿಕಾಳಿನವು, ಮೂರುಕಾಳಿನವು ಎಂದು ಮಕ್ಕಳು ಮೊರದಲ್ಲಿ ವಿಂಗಡಿಸಿದರು, ಸುಲಿದರು, ತಿಂದರು. ‘ಬರವಣಿಗೆಯಲ್ಲಿ ಬಹಳ ಹಿಂದೆ’ ಎಂದು ನಾವೆಲ್ಲರೂ ಒಮ್ಮತದಿಂದ ಗುರುತಿಸಿದ್ದ ಒಬ್ಬ ಹುಡುಗ ಅಂದು ಎಲ್ಲರಿಗಿಂತ ಬೇಗ ಸುಲಿಯುತ್ತಿದ್ದನು. ಶಿಕ್ಷಕಿಯರು ಅವನ ವೇಗವನ್ನು ಬರೆದುಕೊಂಡರು. ನೆಲ ಗುಡಿಸಲು ಬಂದ ನಮ್ಮ ಆಯಮ್ಮ ಮಾತ್ರ, “ಅಮ್ಮಾವ್ರೇ, ಅವನಿಗೆ ಬರೆಯೋಕೆ ಬರಲ್ಲ ಅಂತಲ್ಲ, ಬಲಗೈಲಿ ಬರಲ್ಲ ಅಷ್ಟೆ” ಎಂದಳು. ನೋಡಿದರೆ ನಿಜ. ಅವನು ಎಡಗೈಯ ಹುಡುಗ. ಐದು ತಿಂಗಳಿಂದ ನಾವು ಬಳಪವನ್ನು ಅವನ ಎಡಗೈಯಿಂದ ತೆಗೆದು ಬಲಗೈಗೆ ಇಡುತ್ತ, ಆ ಕೈ ತಡವರಿಸಿದುದನ್ನು ಅವನ ಬುದ್ಧಿಯ ಲೆಕ್ಕಕ್ಕೆ ಬರೆದಿದ್ದೆವು. ಮುಂದಿನ ವಾರದಿಂದ ಆಯಮ್ಮನೂ ನಮ್ಮ ಶನಿವಾರದ ಸಭೆಯಲ್ಲಿ ಕುಳಿತಳು. ಅವಳು ಹೇಳಿದುದನ್ನು ಬೇರೊಬ್ಬರು ಬರೆದುಕೊಳ್ಳುವ ಏರ್ಪಾಡಾಯಿತು.

ಓದಿನ ಸಿದ್ಧತೆಯನ್ನೂ ಬಿಡುವಂತಿಲ್ಲ. ಅಲ್ಲಿಗೆ ಹೋದ ಮೇಲೆ ಕೇಳಿ ಬೆರಗಾಗುವ ಬದಲು ತಿಳಿದಿರಬೇಕಾದುದನ್ನು ಇಲ್ಲಿಯೇ ತಿಳಿದಿರುವುದು ಮೇಲು. ಈ ಎಳೆಯ ಹಂತದಲ್ಲಿ ಓದು, ಬರಹ, ಲೆಕ್ಕಗಳ ವಿಧಿಬದ್ಧ ಬೋಧನೆ ಸಲ್ಲದೆಂಬುದು ಹೊಸ ಮಾತೇನೂ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಅದನ್ನು ಹೇಳಿತ್ತು. 1993ರಲ್ಲಿ ಯಶಪಾಲ್ ಸಮಿತಿಯು ಶಿಶುವಿಹಾರದ ಪ್ರವೇಶಕ್ಕೆ ಪರೀಕ್ಷೆ, ಸಂದರ್ಶನಗಳನ್ನು ನಡೆಸುವುದು ನಿಲ್ಲಬೇಕೆಂದಿತು. 2020ರ ನೀತಿ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. 2022ರ ಪಠ್ಯಕ್ರಮ ಚೌಕಟ್ಟು ಆ ಹಂತಕ್ಕೆ ಆಟವನ್ನೇ ಮಾಧ್ಯಮವನ್ನಾಗಿಸಿತು. ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ 2022ರ ರಾಜ್ಯ ಸರ್ಕಾರದ ಆದೇಶವನ್ನೂ, 2025-26ನೆಯ ಸಾಲಿಗೆ ಮಾತ್ರ ಅದರಲ್ಲಿ ಮಾಡಿದ ಸಡಿಲಿಕೆಯನ್ನೂ ಓದಿಕೊಂಡೆವು. ಪೋಷಕರ ಆತುರಕ್ಕೂ ವಯಸ್ಸಿನ ಈ ಲೆಕ್ಕಕ್ಕೂ ನಂಟಿದೆ.

ಮಗುವಿನ ಕೈಯ ವಿಚಾರ ಓದಿದಾಗ ನಮಗೆ ನಿಜವಾಗಿ ನಾಚಿಕೆಯಾಯಿತು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಇನ್ನೂ ಮೂಳೆಗಳೇ ಅಲ್ಲ, ಮೆತ್ತನೆಯ ಮೃದ್ವಸ್ಥಿ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಗೊಳ್ಳುತ್ತವೆ; ಮೂರೂವರೆ ವರ್ಷದ ಮಗುವಿನಲ್ಲಿ ಅರ್ಧದಷ್ಟೂ ಆ ಕೆಲಸ ಮುಗಿದಿರುವುದಿಲ್ಲ, ಕೊನೆಯ ಮೂಳೆಗೆ ಒಂಬತ್ತು-ಹತ್ತು ವರ್ಷ ದಾಟಬೇಕು. ಬರವಣಿಗೆಗೆ ಇದೊಂದೇ ಅಡ್ಡಿಯೆಂದಲ್ಲ. ಭುಜ, ಬೆರಳು, ಕಣ್ಣುಗಳ ಹೊಂದಾಣಿಕೆಯೂ ಬೇಕು. ಕನ್ನಡದ ಅಕ್ಷರಗಳಂತೂ ಸುತ್ತು, ಕೊಂಬು, ತಲೆಕಟ್ಟುಗಳಿಂದ ತುಂಬಿದವು. ನೆಟ್ಟನೆಯ ಗೆರೆಯೇ ನಿಲ್ಲದ ಕೈಗೆ ‘ಈ’ಕಾರವನ್ನು ಕೊಡುತ್ತಿದ್ದೆವಲ್ಲ! ನಮ್ಮ ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಕೂಲಿಮಠದ ಐಗಳು ಮಕ್ಕಳಿಂದ ಮರಳಿನ ಮೇಲೆ ಬೆರಳಿನಿಂದಲೇ ತಿದ್ದಿಸುತ್ತಿದ್ದರು. ಇಂದಿಗೂ ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬರೆಯುವುದು ಬೆರಳೇ. ಮಾರಿಯಾ ಮಾಂಟೆಸೊರಿಯವರ ಮರಳುಕಾಗದದ ಅಕ್ಷರಗಳು ಬೆರಳಿಗೆ ಕೊಡುವ ಅನುಭವವೂ ಇದೇ ಜಾತಿಯದು.

ಮಾಂಟೆಸೊರಿಯವರ ಹೆಸರು ಬಂದುದರಿಂದ ಭಾಷೆಯ ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಇಂಥ ಸಮ್ಮೇಳನಗಳಲ್ಲಿ ಹೆಚ್ಚಿನ ಉಪನ್ಯಾಸಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ. ಕನ್ನಡದಲ್ಲಿ ಕಲಿಸುವ ಶಿಕ್ಷಕಿಯರು ಹಿಂದಿನ ಸಾಲಿನಲ್ಲಿ ಕುಳಿತು, ತಲೆಯಾಡಿಸಿ, ಊಟ ಮಾಡಿ ಬರುತ್ತಾರೆ. ಮೊದಲ ಸಲ ಹೋದ ನಮ್ಮ ಇಬ್ಬರಿಗೂ ಆದದ್ದು ಅದೇ. 1939ರಲ್ಲಿ ಥಿಯಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಾಂಟೆಸೊರಿಯವರು ಮದರಾಸಿನ ಅಡಯಾರಿಗೆ ಬಂದಾಗ ದೇಶದ ನಾನಾ ಭಾಗಗಳಿಂದ ಮುನ್ನೂರಕ್ಕೂ ಹೆಚ್ಚು ಮಂದಿ ಶಿಕ್ಷಣಾರ್ಥಿಗಳು ಸೇರಿದ್ದರು. ಆ ಮಹಾತಾಯಿ ಮಾತನಾಡುತ್ತಿದ್ದುದು ತಮ್ಮ ಇಟಾಲಿಯನ್ ಭಾಷೆಯಲ್ಲಿ; ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದವರು ಅವರ ಮಗ ಮಾರಿಯೋ. ಭಾವನಗರದ ಗಿಜುಭಾಯಿ ಬಧೇಕಾ ತಮ್ಮ ‘ದಿವಾಸ್ವಪ್ನ’ವನ್ನು ಬರೆದುದು ಗುಜರಾತಿಯಲ್ಲಿ. ಹೀಗಿರುವಾಗ ನಮ್ಮ ಶಿಕ್ಷಕಿ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಯಾರ ಗೌರವಕ್ಕೆ ಕುಂದು? ಪ್ರಶ್ನೆಯನ್ನು ಕನ್ನಡದಲ್ಲಿ ಆರು ವಾಕ್ಯಗಳಲ್ಲಿ ಬರೆದು, ಕೆಳಗೆ ಇಂಗ್ಲಿಷಿನ ಎರಡು ವಾಕ್ಯಗಳ ಸಾರಾಂಶ ಬರೆದುಕೊಂಡೆವು. ಹೋಗಬೇಕಾದ ಸಹೋದ್ಯೋಗಿ ಅದನ್ನು ಸಹಶಿಕ್ಷಕಿಯರ ಮುಂದೆ ಎದ್ದು ನಿಂತು ನಾಲ್ಕು ಸಲ ಹೇಳಿದರು. ಮೊದಲ ಸಲ ಅವರ ಧ್ವನಿ ನಡುಗುತ್ತಿತ್ತು.

ಉಳಿದ ಏರ್ಪಾಡುಗಳು ಸಣ್ಣವು, ಆದರೂ ಹೇಳಬೇಕು. ಎರಡು ದಿನ ತಮ್ಮ ಮಿಸ್ ಬರುವುದಿಲ್ಲವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ, ಬದಲಿಗೆ ಬರುವವರನ್ನು ಒಂದು ವಾರ ಮುಂಚಿನಿಂದಲೇ ತರಗತಿಯಲ್ಲಿ ಕೂರಿಸಿದೆವು. ಇಲ್ಲದಿದ್ದರೆ ಮೂರು ವರ್ಷದ ಮಗುವಿಗೆ ಅದು ಕೈಬಿಟ್ಟು ಹೋದಂತೆಯೇ. ಮೊಬೈಲಿನಲ್ಲಿ ಮಕ್ಕಳ ಚಿತ್ರಗಳನ್ನು ತೆಗೆದು ಎಲ್ಲರಿಗೂ ತೋರಿಸುವ ಈಗಿನ ವಾಡಿಕೆಯನ್ನು ಒಪ್ಪದೆ, ಪೋಷಕರ ಲಿಖಿತ ಅನುಮತಿ ಪಡೆದು, ಮುಖ ಕಾಣದಂತೆ ಕೈಗಳ ಚಿತ್ರಗಳನ್ನು ಮಾತ್ರ ಒಯ್ದೆವು. ಆ ಕೈಗಳೇ ನಮ್ಮ ವಿಷಯವೂ ಆಗಿದ್ದವಲ್ಲ.

ಹೊರಡುವ ಹಿಂದಿನ ಸಂಜೆ ಪೂಜ್ಯ ಶ್ರೀಗಳವರ ದರ್ಶನಕ್ಕೆ ಹೋದಾಗ ಅವರು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆದರು. ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಆ ಶರಣೆಯ ಕಥೆ ನಮಗೆಲ್ಲ ಗೊತ್ತಿದ್ದುದೇ. “ಒಂದನ್ನೇ ತನ್ನಿ, ಬೇಯಿಸುವಷ್ಟನ್ನೇ ತನ್ನಿ” ಎಂದು ಶ್ರೀಗಳು ನಕ್ಕರು. ಬೀರುವಿನ ಕಾಗದದ ಕಟ್ಟು ಅವರ ಕಿವಿಗೂ ಬಿದ್ದಿತ್ತೆಂದು ನನ್ನ ಊಹೆ.

ಅವರ ಮಾತಿನಂತೆ ಒಂದೇ ಬಂದಿತು, ಮತ್ತು ಅದು ವೇದಿಕೆಯಿಂದ ಬರಲಿಲ್ಲ. ನಮ್ಮ ಶಿಕ್ಷಕಿ ಕನ್ನಡದಲ್ಲಿ ಪ್ರಶ್ನೆ ಕೇಳಿದಾಗ ಉಪನ್ಯಾಸಕರು ಸೌಜನ್ಯದಿಂದ ಕೆಲವು ಮಾತು ಹೇಳಿದರು. ಊಟದ ಹೊತ್ತಿಗೆ ಅಂಗನವಾಡಿಯ ಕಾರ್ಯಕರ್ತೆಯೊಬ್ಬರು ತಾವಾಗಿಯೇ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕುಳಿತರಂತೆ. “ಈಗ ಅವರೆಕಾಯಿ ಕಾಲವಲ್ಲವೇ ಅಕ್ಕ? ನೆನೆಹಾಕಿದ ಅವರೆಕಾಳನ್ನು ಮಕ್ಕಳ ಕೈಯಲ್ಲಿ ಹಿದುಕಿಸಿ ನೋಡಿ. ಹೆಬ್ಬೆರಳು, ತೋರುಬೆರಳು ಎರಡೇ ಸಾಕು. ಒಂದು ತಿಂಗಳು ಹಿದುಕಿದ ಮಗುವಿಗೆ ಬಳಪ ಹಿಡಿಯುವುದನ್ನು ನಾನು ಹೇಳಿಕೊಟ್ಟಿದ್ದೇ ಇಲ್ಲ” ಎಂದರಂತೆ. ಕೋಸಬಾಡದ ಬೆಟ್ಟದಲ್ಲಿ ತಾರಾಬಾಯಿ ಮೋಡಕ್ ಅವರು ಬೆಲೆಬಾಳುವ ಉಪಕರಣಗಳನ್ನು ಬಿಟ್ಟು ಕಲ್ಲು, ಎಲೆ, ಕಡ್ಡಿ, ಕಪ್ಪೆಚಿಪ್ಪುಗಳಿಂದ ಆದಿವಾಸಿ ಮಕ್ಕಳಿಗೆ ಕಲಿಸಿದುದನ್ನು ನಾವು ಓದಿ ಮೆಚ್ಚಿದ್ದೆವು. ನಮ್ಮ ಅಡಿಗೆಮನೆಯ ಹಿದುಕಿದ ಬೇಳೆ ಮಾತ್ರ ನಮಗೆ ಹೊಳೆದಿರಲಿಲ್ಲ.

ಹಿಂದಿರುಗಿದ ಎಂಟನೆಯ ದಿನ ಪೋಷಕರ ಸಭೆ ಕರೆದು, ನಾಲ್ಕೂವರೆ ವರ್ಷ ತುಂಬುವವರೆಗೆ ಬಳಪವನ್ನು ಕಡ್ಡಾಯವಾಗಿ ಹಿಡಿಸುವುದಿಲ್ಲವೆಂದು ತಿಳಿಸಿದೆವು. ಮರಳಿನ ತಟ್ಟೆ, ಹಿಟ್ಟಿನ ಉಂಡೆ, ಹೂ ಪೋಣಿಸುವುದು, ಕಾಳು ಹಿದುಕುವುದು ಅದರ ಸ್ಥಾನಕ್ಕೆ ಬರುವುವು ಎಂದೆವು. ಸಭೆ ಸುಲಭವಾಗಿರಲಿಲ್ಲ. “ಅವರೆಕಾಳು ಹಿದುಕಿಸುವುದಕ್ಕೆ ನಾವು ಶುಲ್ಕ ಕೊಡಬೇಕೆ?” ಎಂದು ತಂದೆಯೊಬ್ಬರು ಕೇಳಿದಾಗ ಹಲವರು ನಕ್ಕರು. ಅವಲೋಕನದ ಪುಸ್ತಕಗಳನ್ನು ಆಯಾ ಮಗುವಿನ ತಂದೆತಾಯಿಯರ ಮುಂದೆಯೇ ಇಟ್ಟೆವು. ಎಡಗೈಯ ಹುಡುಗನ ತಾಯಿ ತಮ್ಮ ಮಗನ ಪುಟಗಳನ್ನು ಎರಡು ಸಲ ಓದಿದರು. ಮನೆಯಲ್ಲಿ ಅಜ್ಜಿಯವರು ಒಪ್ಪುವುದು ಕಷ್ಟವೆಂದರೂ, ಶಾಲೆಯಲ್ಲಿ ಅವನ ಕೈಯನ್ನು ಅವನಿಗೇ ಬಿಡಿ ಎಂದು ಹೇಳಿಹೋದರು. ನಾಲ್ವರು ಮಕ್ಕಳನ್ನು ಪೋಷಕರು ಈ ಜೂನ್‌ನಲ್ಲಿ ಬೇರೆಡೆಗೆ ಸೇರಿಸಿದರು. ಅವರನ್ನು ನಾನು ದೂರುವುದಿಲ್ಲ. ದಾಖಲಾತಿ ಕುಸಿದರೆ ಶಿಶುವಿಹಾರದ ಖರ್ಚನ್ನು ಯಾರು ಭರಿಸುವರೆಂದು ಆಡಳಿತ ಮಂಡಲಿ ಕೇಳಿದ್ದೂ ನ್ಯಾಯವೇ. ಎರಡು ವರ್ಷ ನೋಡೋಣವೆಂದು ಶ್ರೀಗಳವರು ಅಪ್ಪಣೆ ಕೊಡಿಸಿದ್ದಾರೆ. ಮೊದಲು ನಗುತ್ತ ಕೇಳಿದ ಆ ಹಿರಿಯರೇ ಈ ವರ್ಷದ ಮರಳಿನ ತಟ್ಟೆಗಳಿಗೆ ಹಣ ಕೊಟ್ಟಿದ್ದಾರೆ.

ಮುಂದಿನ ಸಮ್ಮೇಳನಕ್ಕೆ ಹೋಗುವವರು ಈ ವರ್ಷದ ಪುಸ್ತಕಗಳನ್ನು ಒಯ್ಯಲಿದ್ದಾರೆ. ಅವುಗಳಲ್ಲಿ ಗೆಲವಿನ ಪುಟಗಳಷ್ಟೇ ಇಲ್ಲ. ತಿಂಗಳುಗಟ್ಟಲೆ ಕಾಳು ಹಿದುಕಿ, ಹೂ ಪೋಣಿಸಿ, ಐದು ವರ್ಷ ತುಂಬಿದ ಮೇಲೂ ಬಳಪವನ್ನು ಮುಷ್ಟಿಯಲ್ಲಿಯೇ ಹಿಡಿಯುವ ಇಬ್ಬರು ಮಕ್ಕಳು ನಮ್ಮಲ್ಲಿದ್ದಾರೆ. ಈ ಸಲದ ಆರು ವಾಕ್ಯಗಳನ್ನು ಅವರ ಬಗ್ಗೆ ಬರೆಯತೊಡಗಿದ್ದೇವೆ.