ಮೊದಲ ಬಾರಿಗೆ ನಾರ್ವೆ: ಯಾವ ತಿಂಗಳಲ್ಲಿ ಹೋದರೂ ಮನಸ್ಸು ತುಂಬುವ ಹಾಗೆ

ನಾರ್ವೆ ಬಲು ಉದ್ದದ ದೇಶ. ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ನೇರ ಗೆರೆ ಎಳೆದರೂ ಸುಮಾರು 1,750 ಕಿ.ಮೀ. ಆಗುತ್ತದೆ. ಹತ್ತು ದಿನಗಳಲ್ಲಿ ಎಲ್ಲವನ್ನೂ ನೋಡಿ ಮುಗಿಸಲು ಹೊರಟರೆ ಅರ್ಧ ರಜೆ ವಾಹನದಲ್ಲೇ ಕಳೆದುಹೋಗುತ್ತದೆ. ಒಂದು ಋತು, ಒಂದು ಪ್ರದೇಶ ಆರಿಸಿಕೊಂಡು, ಅಲ್ಲಿನವರ ಹಾಗೆ ಕಾಲ್ನಡಿಗೆಯಲ್ಲಿ ಸುತ್ತಿ. ಆ ನಾಡು ನಿಜವಾಗಿ ಕೈಗೆ ಸಿಗುವುದು ಆಗಲೇ.

ಹಂತ 1: ಮೊದಲು ತಿಂಗಳು, ಆಮೇಲೆ ಊರು

ರಜೆ ಯಾವಾಗ ಸಿಗುತ್ತದೆ ಎಂಬುದರ ಮೇಲೆ ಜಾಗ ನಿರ್ಧರಿಸಿ.

ಜನವರಿಯಿಂದ ಮಾರ್ಚ್: ಉತ್ತರದ ಟ್ರೊಮ್ಸೊ. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಜನವರಿ 21ರ ಸುಮಾರಿಗೆ ಬೆಟ್ಟದ ಮೇಲೆ ಮತ್ತೆ ಬಿಸಿಲು ಕಂಡಾಗ ಊರವರು ಜಾಮ್ ತುಂಬಿದ ಬನ್ ತಿಂದು ಸಂಭ್ರಮಿಸುತ್ತಾರೆ. ಫೆಬ್ರುವರಿ 6 ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ರಾಷ್ಟ್ರೀಯ ದಿನ. ಆ ವಾರ ಪೇಟೆಬೀದಿಯಲ್ಲೇ ಹಿಮಸಾರಂಗಗಳ ಓಟ ನಡೆಯುತ್ತದೆ. ಧ್ರುವಪ್ರಭೆ ನೋಡಲೂ ಇದು ಒಳ್ಳೆಯ ಕಾಲ.

ಏಪ್ರಿಲ್, ಮೇ: ಪಶ್ಚಿಮದ ಹಾರ್ಡಂಗರ್. ಹಿಮ ಕರಗಿ ಜಲಪಾತಗಳು ಮೈದುಂಬಿರುತ್ತವೆ. ಮೇ ತಿಂಗಳಲ್ಲಿ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು) ದಂಡೆಯ ಸೇಬಿನ ತೋಟಗಳೆಲ್ಲ ಹೂಬಿಡುತ್ತವೆ.

ಜೂನ್‌ನಿಂದ ಆಗಸ್ಟ್: ಬೆಟ್ಟ ಹತ್ತುವವರ ಕಾಲ. ಮೇ 20ರಿಂದ ಜುಲೈ 22ರ ಸುಮಾರಿನವರೆಗೆ ಟ್ರೊಮ್ಸೊದಲ್ಲಿ ನಡುರಾತ್ರಿಯೂ ಸೂರ್ಯ ಮುಳುಗುವುದಿಲ್ಲ. ಆದರೆ ಎತ್ತರದ ದಾರಿಗಳಲ್ಲಿ ಜೂನ್ ಕೊನೆಯವರೆಗೂ ಹಿಮ ಉಳಿದಿರುವುದುಂಟು.

ಸೆಪ್ಟೆಂಬರ್, ಅಕ್ಟೋಬರ್: ಜನಸಂದಣಿ ಇಳಿದಿರುತ್ತದೆ, ಬೆಟ್ಟಗಳಿಗೆ ಕೆಂಪು, ಹಳದಿ ಬಣ್ಣ ಬಂದಿರುತ್ತದೆ, ಉತ್ತರದಲ್ಲಿ ಧ್ರುವಪ್ರಭೆ ಮತ್ತೆ ಶುರುವಾಗುತ್ತದೆ.

ನವೆಂಬರ್, ಡಿಸೆಂಬರ್: ಓಸ್ಲೊ ನಗರ. ಧ್ರುವಯಾತ್ರೆಗಳಿಗೆ ಹೋಗಿಬಂದ ಹಡಗು ಇರುವ ಫ್ರಾಮ್ ಮ್ಯೂಸಿಯಂ, ಎಡ್ವರ್ಡ್ ಮುಂಕ್ ಚಿತ್ರಗಳ ಸಂಗ್ರಹಾಲಯ, ವಿಗೆಲಾಂಡ್ ಶಿಲ್ಪಗಳ ಉದ್ಯಾನ, ಮಾಡಿನ ಮೇಲೆ ಯಾರು ಬೇಕಾದರೂ ನಡೆದಾಡಬಹುದಾದ ಒಪೆರಾ ಹೌಸ್. ಹಗಲು ಚಿಕ್ಕದಾದರೂ ನೋಡಲು ಬೇಕಾದಷ್ಟಿದೆ.

ಹಂತ 2: ವೀಸಾ ಮತ್ತು ಖರ್ಚು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ನಾರ್ವೆಯ ಹಣ ಕ್ರೋನ. ಆದರೆ ಹೆಚ್ಚಿನ ಕಡೆ ಕಾರ್ಡ್ ನಡೆಯುವುದರಿಂದ ನೋಟು ಹೆಚ್ಚು ಬೇಕಾಗದು. ಹೋಟೆಲ್ ಊಟ ದುಬಾರಿ. ಅಡುಗೆಮನೆ ಇರುವ ಹಾಸ್ಟೆಲ್ ಅಥವಾ ಬಾಡಿಗೆ ಮನೆ ಹಿಡಿದರೆ ಸಸ್ಯಾಹಾರಿಗಳಿಗೂ ಅನುಕೂಲ, ಜೇಬಿಗೂ ಹಗುರ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಭಾನುವಾರ ಹೆಚ್ಚಿನ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಹಂತ 3: ಬಟ್ಟೆ ಪದರ ಪದರವಾಗಿರಲಿ

ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಮೂರು ಪದರ ಮೇಲು. ಮೈಗೆ ತಾಗುವಂತೆ ಉಣ್ಣೆಯ ಒಳಅಂಗಿ, ಅದರ ಮೇಲೆ ಸ್ವೆಟರ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಇದ್ದು ಮೈ ತಣ್ಣಗಾಗಿಸುತ್ತದೆ. ಬೆಟ್ಟಕ್ಕೆ ಅದು ಬೇಡ. ನೀರು ಒಳಬಿಡದ ಶೂಗಳನ್ನು ಊರಲ್ಲೇ ನಾಲ್ಕು ದಿನ ಹಾಕಿ ಪಳಗಿಸಿ. ಹವಾಮಾನಕ್ಕೆ ಅಲ್ಲಿನವರು ನೋಡುವ ‘ಯ್ರ್’ ಆಪ್ ಅನ್ನು ಫೋನಿಗೆ ಹಾಕಿಕೊಳ್ಳಿ.

ಹಂತ 4: ರೈಲಿನಿಂದ ಶುರು ಮಾಡಿ

ಹೊಸಬರಿಗೆ ಓಸ್ಲೊ–ಬರ್ಗನ್ ರೈಲಿಗಿಂತ ಒಳ್ಳೆಯ ಆರಂಭವಿಲ್ಲ. 1909ರಲ್ಲಿ ಪೂರ್ಣಗೊಂಡ ಈ ಮಾರ್ಗದಲ್ಲಿ ಪ್ರಯಾಣ ಸುಮಾರು ಏಳು ಗಂಟೆ. ನಡುವೆ 1,222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣ ಬರುತ್ತದೆ. ಚಳಿಗಾಲದಲ್ಲಿ ಇಲ್ಲಿ ಸ್ಕೀ ಹಿಡಿದವರು, ಬೇಸಿಗೆಯಲ್ಲಿ ಸೈಕಲ್ ಸವಾರರು ಇಳಿಯುತ್ತಾರೆ.

ದಾರಿ ಇನ್ನೂ ಚೆಂದವಾಗಬೇಕೆಂದರೆ ಮಿರ್ಡಾಲ್‌ನಲ್ಲಿ ಇಳಿದು ಫ್ಲೋಮ್ ರೈಲು ಹತ್ತಿ. ಅದು 20 ಕಿ.ಮೀ. ದೂರದಲ್ಲಿ 860 ಮೀಟರಿಗೂ ಹೆಚ್ಚು ಕೆಳಗಿಳಿದು ಫ್ಯೋರ್ಡ್ ದಂಡೆ ಮುಟ್ಟುತ್ತದೆ. ಅಲ್ಲಿಂದ ಗುಡ್‌ವಾಂಗನ್‌ಗೆ ದೋಣಿ. 2005ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ನೇರೊಯ್‌ಫ್ಯೋರ್ಡ್ ಈ ದಾರಿಯಲ್ಲೇ ಇದೆ. ಗುಡ್‌ವಾಂಗನ್‌ನಿಂದ ವೊಸ್‌ಗೆ ಬಸ್ಸು, ಮತ್ತೆ ರೈಲು ಹಿಡಿದರೆ ಬರ್ಗನ್. ಟಿಕೆಟ್ ಮುಂಚಿತವಾಗಿ ಕಾದಿರಿಸಿದಷ್ಟೂ ಅಗ್ಗ.

ಹಂತ 5: ನೆಲದ ಹಕ್ಕು, ಅದರ ಜವಾಬ್ದಾರಿ

ಕೃಷಿ ಮಾಡದ ಬಯಲು, ಕಾಡು, ಬೆಟ್ಟಗಳಲ್ಲಿ, ಅದು ಯಾರದೇ ಜಮೀನಾಗಿರಲಿ, ಯಾರು ಬೇಕಾದರೂ ನಡೆಯಬಹುದು ಎಂಬ ಹಕ್ಕು ನಾರ್ವೆಯಲ್ಲಿದೆ. 1957ರ ಕಾನೂನು ಅದನ್ನು ಬರೆದಿಟ್ಟಿದೆ. ಪ್ರವಾಸಿಗೂ ಅದೇ ಹಕ್ಕು. ಹಾಗಾಗಿ ನಿಯಮಗಳನ್ನು ತಿಳಿದೇ ಹೋಗಿ:

• ಟೆಂಟ್ ಹಾಕುವುದಾದರೆ ಹತ್ತಿರದ ಮನೆಯಿಂದ ಕನಿಷ್ಠ 150 ಮೀಟರ್ ದೂರವಿರಿ. ಮನೆಗಳಿಂದ ದೂರದ ಬೆಟ್ಟಗಳನ್ನು ಬಿಟ್ಟರೆ, ಒಂದೇ ಕಡೆ ಎರಡು ರಾತ್ರಿಗಿಂತ ಹೆಚ್ಚು ಉಳಿಯಲು ಮಾಲೀಕರ ಒಪ್ಪಿಗೆ ಬೇಕು.
• ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ, ಅದರ ಆಸುಪಾಸಿನಲ್ಲಿ ಬೆಂಕಿ ಹಾಕುವಂತಿಲ್ಲ.
• ಬೆಳೆ ನಿಂತ ಹೊಲಕ್ಕೆ ಕಾಲಿಡಬೇಡಿ. ನೀವು ತೆರೆದ ಗೇಟನ್ನು ದಾಟಿದ ಮೇಲೆ ಮುಚ್ಚಿ.
• ಕಸವೆಲ್ಲ ನಿಮ್ಮ ಚೀಲದಲ್ಲೇ ವಾಪಸ್ ಬರಲಿ.

ಹಂತ 6: ಸುಲಭದ ದಾರಿಯಿಂದ ಬೆಟ್ಟಕ್ಕೆ

ಓಸ್ಲೊದಲ್ಲಿ ಮೆಟ್ರೊ ಒಂದನೇ ಮಾರ್ಗದ ಕೊನೆಯ ನಿಲ್ದಾಣ ಫ್ರೊಗ್ನರ್‌ಸೇತೆರನ್‌ನಲ್ಲಿ ಇಳಿದರೆ ಕಾಡು ಎದುರಿಗೇ ಇರುತ್ತದೆ. ಬರ್ಗನ್‌ನಲ್ಲಿ ಹಳಿಯ ಮೇಲಿನ ಪುಟ್ಟ ಬಂಡಿ ಫ್ಲೋಯನ್ ಬೆಟ್ಟಕ್ಕೆ ಒಯ್ಯುತ್ತದೆ. ಅಭ್ಯಾಸವಾದ ಮೇಲೆ ಲೀಸೆಫ್ಯೋರ್ಡ್‌ನಿಂದ 604 ಮೀಟರ್ ಮೇಲಿರುವ ಪ್ರೈಕೆಸ್ಟೋಲನ್ ಬಂಡೆಗೆ ಹೋಗಿ. ಹೋಗಿಬರಲು 8 ಕಿ.ಮೀ., ಸುಮಾರು ನಾಲ್ಕು ಗಂಟೆ. ಆ ದಾರಿಯ ಕಲ್ಲುಮೆಟ್ಟಿಲುಗಳನ್ನು ಕಟ್ಟಿದವರು ನೇಪಾಳದ ಶೇರ್ಪಾಗಳು.

ಬೆಟ್ಟದ ದಾರಿಗಳಲ್ಲಿ ಕಲ್ಲುಗಳ ಮೇಲೆ ಕೆಂಪು ‘ಟಿ’ ಗುರುತು ಹಾಕಿರುತ್ತಾರೆ. 1868ರಲ್ಲಿ ಹುಟ್ಟಿದ ಡಿಎನ್‌ಟಿ ಎಂಬ ಚಾರಣ ಸಂಘ ಈ ದಾರಿಗಳನ್ನೂ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನೂ ನೋಡಿಕೊಳ್ಳುತ್ತದೆ. ಅವುಗಳಲ್ಲಿ ಕಾವಲಿನವರೇ ಇಲ್ಲದ ಗುಡಿಸಲಿನಲ್ಲಿ ಒಂದು ರಾತ್ರಿ ಕಳೆಯಿರಿ. ಸದಸ್ಯರಾಗಿ ಕೀಲಿ ಪಡೆದು ಬಾಗಿಲು ತೆರೆಯುತ್ತೀರಿ. ನೀರು ನೀವೇ ತರಬೇಕು, ಒಲೆ ನೀವೇ ಹಚ್ಚಬೇಕು. ಕಪಾಟಿನಲ್ಲಿರುವ ಡಬ್ಬಿಯ ಆಹಾರ ಬಳಸಿದರೆ ಲೆಕ್ಕ ಬರೆದು ಹಣ ಕಟ್ಟುತ್ತೀರಿ. ಕೇಳುವವರು ಯಾರೂ ಇರುವುದಿಲ್ಲ. ಬೆಳಗ್ಗೆ ನೆಲ ಗುಡಿಸಿ, ಮುಂದೆ ಬರುವವರಿಗೆ ಸೌದೆ ಸೀಳಿಟ್ಟು ಹೊರಡುವುದು ರೂಢಿ. ನಾರ್ವೆಯ ಸಂಸ್ಕೃತಿಯನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ಮತ್ತೊಂದಿಲ್ಲ.

ಹವಾಮಾನ ಕೆಟ್ಟರೆ ಹಿಂದಿರುಗಿ. ಅದರಲ್ಲಿ ನಾಚಿಕೆಯಿಲ್ಲ ಎಂದು ಅಲ್ಲಿನ ಬೆಟ್ಟದ ನಿಯಮಾವಳಿಯೇ ಹೇಳುತ್ತದೆ. ಆಂಬುಲೆನ್ಸ್‌ಗೆ 113, ಪೊಲೀಸರಿಗೆ 112.

ಹಂತ 7: ಜನರ ನಡುವೆ

ಮೇ 17 ಸಂವಿಧಾನ ದಿನ. 1814ರಲ್ಲಿ ಐಡ್ಸ್‌ವೋಲ್‌ನಲ್ಲಿ ಸಂವಿಧಾನಕ್ಕೆ ಸಹಿ ಬಿದ್ದ ನೆನಪಿನ ಹಬ್ಬ. ಅಂದಿನ ಮೆರವಣಿಗೆಯಲ್ಲಿ ಮುಖ್ಯರಾದವರು ಶಾಲಾ ಮಕ್ಕಳು. ಓಸ್ಲೊದಲ್ಲಿ ಅವರು ಅರಮನೆಯ ಮುಂದೆ ಸಾಗುವಾಗ ರಾಜಮನೆತನದವರು ಬಾಲ್ಕನಿಯಲ್ಲಿ ನಿಂತು ಕೈಬೀಸುತ್ತಾರೆ. ‘ಬೂನಾಡ್’ ಎಂಬ ಸಾಂಪ್ರದಾಯಿಕ ಉಡುಪು ನೋಡಿದರೆ ಯಾರು ಯಾವ ಸೀಮೆಯವರೆಂದು ತಿಳಿದವರು ಹೇಳಬಲ್ಲರು. ಎದುರಾದವರಿಗೆ ‘ಗ್ರಾಟುಲೇರೆರ್ ಮೆ ದಾಗೆನ್’ ಎನ್ನಿ, ಹಬ್ಬದ ಶುಭಾಶಯವದು.

ಉಳಿದ ದಿನಗಳಲ್ಲಿ ಚಾರಣ ಮುಗಿಸಿ ಬಿಸಿ ವಾಫಲ್ ಮೇಲೆ ‘ಬ್ರೂನೋಸ್ಟ್’ ಹಾಕಿ ತಿನ್ನಿ. ಹಾಲೊಡಕನ್ನು ಕೆನೆಯೊಂದಿಗೆ ಕುದಿಸಿ ಕುದಿಸಿ ಮಾಡುವ ಕಂದು ಗಿಣ್ಣು ಅದು. ಧಾರವಾಡ ಪೇಡೆಯ ನೆನಪು ತರುವ ರುಚಿ, ಜೊತೆಗೆ ಚೂರು ಉಪ್ಪು. ಅದನ್ನು ತೆಳ್ಳಗೆ ಹೆರೆಯುವ ಸಾಧನಕ್ಕೆ 1925ರಲ್ಲಿ ಪೇಟೆಂಟ್ ಪಡೆದವರು ನಾರ್ವೆಯದೇ ಬಡಗಿ, ಥೋರ್ ಬ್ಯೋರ್ಕ್‌ಲುಂಡ್. ಯಾರಾದರೂ ಮನೆಗೆ ಕರೆದರೆ ಶೂ ಬಾಗಿಲಲ್ಲೇ ಬಿಡಿ. ಸಾಮಿ ಜನರ ಡೇರೆ, ಸಾರಂಗಗಳ ಹತ್ತಿರ ಹೋದಾಗ ಕೇಳಿಯೇ ಫೋಟೊ ತೆಗೆಯಿರಿ.

ಹಂತ 8: ಒಂದು ದಿನ ಖಾಲಿ ಬಿಡಿ

ಯೋಜನೆಯಲ್ಲಿ ಏನನ್ನೂ ಬರೆಯದ ಒಂದು ದಿನವಾದರೂ ಇರಲಿ. ಮೋಡ ಕವಿದು ಧ್ರುವಪ್ರಭೆ ಕಾಣದಿದ್ದರೆ ಮರುರಾತ್ರಿ ಸಿಗುತ್ತದೆ. ಬಿರುಗಾಳಿಗೆ ದೋಣಿ ನಿಂತರೆ ತೊಂದರೆಯಾಗದು. ಎಲ್ಲವೂ ಸರಿಯಾಗಿ ನಡೆದರೆ ಆ ದಿನ ಸ್ಥಳೀಯರು ಹೇಳಿದ ಒಂದು ಕಾಡುದಾರಿಯಲ್ಲಿ ನಡೆಯಿರಿ. ನೋಡದೆ ಉಳಿದ ಜಾಗಗಳಿಗಾಗಿ ಕೊರಗಬೇಡಿ, ಅವುಗಳಿಗೆ ಇನ್ನೊಂದು ಋತು ಇದೆ.