ಪೊಟ್ಟಣದ ಮೇಲೆ ಒಂದೇ ಮಾತಿರಲಿ

ತಮ್ಮಾ, ತಿಕೋಟಾದ ನಿಮ್ಮ ತೋಟದ ಒಣದ್ರಾಕ್ಷಿಯನ್ನು ಇನ್ನು ಮಹಾರಾಷ್ಟ್ರದ ತಾಸಗಾಂವದ ದಲಾಲಿ ಅಂಗಡಿಗೆ ಕಳಿಸದೆ ನಿನ್ನದೇ ಪೊಟ್ಟಣದಲ್ಲಿ ಮಾರುತ್ತೇನೆ ಎಂದೆಯಲ್ಲ, ಕೇಳಿ ಹಿಗ್ಗಿದೆ. ನೀನು ಕಳಿಸಿದ ಜಾಹೀರಾತಿನ ನಮೂನೆ ಮಾತ್ರ ಮನಸ್ಸಿಗೆ ಬರಲಿಲ್ಲ.

ಗೋಳಗುಮ್ಮಟದ ಚಿತ್ರ, ಕೆಳಗೆ ‘ಶುದ್ಧ, ರುಚಿಕರ’. ವಿಜಯಪುರದಲ್ಲಿ ಗುಮ್ಮಟ ಯಾರ ಬೋರ್ಡಿನ ಮೇಲಿಲ್ಲ ಹೇಳು? ರೈಲಿಗೂ ಅದೇ ಹೆಸರಿಟ್ಟಿದ್ದಾರೆ. ತನ್ನ ಮಾಲು ಶುದ್ಧವಲ್ಲ ಎಂದು ಯಾವ ವ್ಯಾಪಾರಿ ಬರೆಸುತ್ತಾನೆ? ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಹೋಗಿ ಬಾ, ದಾರಿಯುದ್ದಕ್ಕೂ ಕಟ್ಟಿದ ಫ್ಲೆಕ್ಸುಗಳಲ್ಲಿ ಮನೆ ಮುಟ್ಟುವ ತನಕ ಯಾವುದು ನೆನಪುಳಿಯಿತು ನೋಡಿಕೊ.

ಅಕ್ಷರ ದಪ್ಪ ಮಾಡಿದರೆ ಆಗುವ ಕೆಲಸವಲ್ಲ ಇದು. ನೀನಷ್ಟೇ ಹೇಳಬಹುದಾದ ನಿಜವೊಂದು ಬೇಕು. ಅದು ನಿಮ್ಮ ಶೆಡ್ಡಿನಲ್ಲೇ ಇದೆ. ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ಬಲೆಯ ಅಟ್ಟಗಳ ಮೇಲೆ ನೆರಳಲ್ಲಿ ಹರವಿ ಎರಡು ವಾರ ಕಾಯುತ್ತೀರಿ. ನಡುವೆ ಮೋಡ ಕವಿದರೆ ನಿಮ್ಮವ್ವನಿಗೆ ನಿದ್ದೆ ಇಲ್ಲ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು ನಮ್ಮ ಭಾಗದವರು. ಇಷ್ಟೆಲ್ಲ ಆಗಿ, ಸುಮಾರು ನಾಲ್ಕು ಕಿಲೋ ಹಸಿ ಹಣ್ಣಿಗೆ ಕೈಗೆ ಬರುವುದು ಒಂದು ಕಿಲೋ. ಪೇಟೆಯ ಗಿರಾಕಿಗೆ ಈ ಲೆಕ್ಕವೇ ಗೊತ್ತಿಲ್ಲ! ನಾನಾಗಿದ್ದರೆ ‘ತಿಕೋಟಾದ ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ’ ಎಂದಷ್ಟೇ ಬರೆಸಿ ಉಳಿದ ಜಾಗ ಖಾಲಿ ಬಿಡುತ್ತಿದ್ದೆ. ಎಲ್ಲವನ್ನೂ ತುರುಕಬೇಡ. ಬಣ್ಣಕ್ಕಾಗಿ ಗಂಧಕದ ಹೊಗೆ ಕೊಟ್ಟ ಮಾಲಿನ ಮೇಲೆ ‘ಸಹಜ’ ಎಂದಂತೂ ಬರೆಸಲೇಬೇಡ.

ಊರಿನ ಹೆಸರು ಎದ್ದು ಕಾಣಲಿ. ಸಾಂಗ್ಲಿಯ ಒಣದ್ರಾಕ್ಷಿಗೆ ಊರಿನ ಹೆಸರು ಕಾಯುವ ಜಿಐ ಮಾನ್ಯತೆ ಇದೆ, ನಮ್ಮ ಇಂಡಿ ತಾಲ್ಲೂಕಿನ ನಿಂಬೆಗೂ ಸಿಕ್ಕಿದೆ. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಮಾತ್ರ ಗಡಿ ದಾಟಿದೊಡನೆ ಹೆಸರು ಕಳೆದುಕೊಳ್ಳುವುದು ನನಗೆ ನುಂಗಲಾರದ ಸಂಗತಿ.

ಊರಿನ ಹೆಸರು ಹೇಗೆ ನಿಲ್ಲುತ್ತದೆ ನೋಡು. 1916ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಶುರುವಾದಾಗಲೂ ಪೇಟೆಯಲ್ಲಿ ಸೋಪಿಗೆ ಬರವಿರಲಿಲ್ಲ. ಮೈಸೂರು ಸ್ಯಾಂಡಲ್ ಸೋಪನ್ನು ಆಯತಾಕಾರದ ಬಿಲ್ಲೆಗಳ ನಡುವೆ ಮೊಟ್ಟೆಯಾಕಾರದಲ್ಲಿ ತಂದರು, ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿಟ್ಟರು, ಕರಾಚಿಯಲ್ಲಿ ಪ್ರಚಾರಕ್ಕೆ ಒಂಟೆಗಳ ಮೆರವಣಿಗೆಯನ್ನೇ ಹೊರಡಿಸಿದರು. ಆದರೆ ಒಳಗಿದ್ದದ್ದು ನಿಜವಾದ ಗಂಧದೆಣ್ಣೆ. ಅದಿಲ್ಲದೆ ಒಂಟೆ ಕಟ್ಟಿಕೊಂಡು ಏನು ಮಾಡುವುದಿತ್ತು?

ಪ್ರಿಂಟಿಗೆ ಕೊಡುವ ಮೊದಲು ನಮೂನೆಯ ಪೊಟ್ಟಣ ಒಂದನ್ನು ಬಬಲೇಶ್ವರದ ಯಾವುದಾದರೂ ಕಿರಾಣಿ ಅಂಗಡಿಯಲ್ಲಿಡು. ನಿನ್ನ ಪರಿಚಯವಿಲ್ಲದ ನಾಲ್ಕು ಜನ ನೋಡಲಿ. ಮರುದಿನ ಅವರನ್ನು ಹುಡುಕಿ, ಅದರ ಮೇಲೆ ಏನು ಬರೆದಿತ್ತು ಎಂದು ಕೇಳು. ಹೇಳಲು ಬರಲಿಲ್ಲವೋ, ಮತ್ತೆ ಕೂತು ಬರೆ.